ಹಲ್ಲಿನ ಡಾಕ್ಟರ ಕುತ್ತಿಗೆ ನೋವು: ಮೊದಲು ಸರಿಯಬೇಕಾದದ್ದು ರೋಗಿ, ನೀವಲ್ಲ

ಪ್ರಶ್ನೆ: ನಾನು ಬಿಡಿಎಸ್ ಮುಗಿಸಿ ಹಾಸನ ಜಿಲ್ಲೆಯ ಒಂದು ತಾಲೂಕು ಊರಿನಲ್ಲಿ ಕ್ಲಿನಿಕ್ ಇಟ್ಟಿದ್ದೇನೆ. ವಯಸ್ಸು 34, ಎತ್ತರ 5 ಅಡಿ 1 ಇಂಚು. ಒಂದೇ ಚೇರ್, ಸಹಾಯಕ್ಕೆ ಒಬ್ಬ ಹುಡುಗಿ. ಬೆಳಿಗ್ಗೆ 10ರಿಂದ 1.30, ಸಂಜೆ 4.30ರಿಂದ 8.30ರವರೆಗೆ ಕೆಲಸ. ಒಂದು ವರ್ಷದಿಂದ ಬಲಗಡೆ ಕುತ್ತಿಗೆ, ಹೆಗಲು ಹಿಡಿದುಕೊಳ್ಳುತ್ತಿದೆ, ಬೆನ್ನಿನ ರೆಕ್ಕೆಗಳ ನಡುವೆ ಉರಿ. ಮೇಲಿನ ದವಡೆ ಹಲ್ಲಿನ ರೂಟ್ ಕೆನಾಲ್ ಮಾಡಿದ ದಿನ ಜಾಸ್ತಿ. ಈಚೆಗೆ ರಾತ್ರಿ ಬಲಗೈ ಜೋಮು ಹಿಡಿದು ಎಚ್ಚರವಾಗುತ್ತದೆ, ಕೈ ಕೊಡವಿದರೆ ಸರಿಹೋಗುತ್ತದೆ. ಎಂಆರ್‌ಐನಲ್ಲಿ ಸಿ5-ಸಿ6 ಡಿಸ್ಕ್ ಬಲ್ಜ್ (ಕುತ್ತಿಗೆಯ ಐದು-ಆರನೇ ಮೂಳೆಗಳ ನಡುವಿನ ಮೆತ್ತೆ ಉಬ್ಬಿದೆ) ಅಂತ ಬಂತು, ಕಾಲರ್ ಮತ್ತು ಮಾತ್ರೆ ಕೊಟ್ಟಿದ್ದಾರೆ. ಸ್ನೇಹಿತೆ ಲೂಪ್ಸ್ (ಕನ್ನಡಕದಂತೆ ಹಾಕುವ ಭೂತಗನ್ನಡಿ) ತಗೋ ಅನ್ನುತ್ತಾಳೆ, ಇನ್ನೊಬ್ಬರು ಸ್ಯಾಡಲ್ ಸ್ಟೂಲ್ (ಕುದುರೆ ಜೀನಿನ ಆಕಾರದ್ದು) ಅನ್ನುತ್ತಾರೆ, ಮನೆಯವರು ಜಿಮ್‌ಗೆ ಹೋಗು ಅನ್ನುತ್ತಾರೆ. ಕ್ಲಿನಿಕ್ ಸಾಲ ಇನ್ನೂ ತೀರಿಲ್ಲ. ಇರುವ ಸ್ವಲ್ಪ ದುಡ್ಡನ್ನು ಯಾವುದಕ್ಕೆ ಹಾಕಲಿ? ಪ್ರಾಕ್ಟೀಸ್ ಬಿಡಬೇಕಾಗುತ್ತದಾ?

ಉತ್ತರ: ಡಾಕ್ಟ್ರೇ, ನಾನು ಫಿಸಿಯೊಥೆರಪಿಸ್ಟ್. ಹಲ್ಲಿನ ಡಾಕ್ಟರುಗಳು ನನ್ನ ಹತ್ರ ತುಂಬಾ ಜನ ಬರುತ್ತಾರೆ. ಅವರ ಕ್ಲಿನಿಕ್‌ಗೆ ಹೋಗಿ, ಒಂದು ಮೂಲೆಯಲ್ಲಿ ನಿಂತು, ಅವರು ಕೆಲಸ ಮಾಡುವುದನ್ನು ನೋಡುವುದು ನನ್ನ ಕೆಲಸದ ಮುಖ್ಯ ಭಾಗ. ನೀವು ಬರೆದ ಪತ್ರದಲ್ಲಿ ಮೂರು ಬೇರೆ ಬೇರೆ ವಿಷಯ ಗಂಟು ಹಾಕಿಕೊಂಡಿವೆ: ಎಂಆರ್‌ಐ ರಿಪೋರ್ಟ್‌ನ ಭಯ, ಹಗಲು ಬರುವ ಕುತ್ತಿಗೆ-ಬೆನ್ನು ನೋವು, ರಾತ್ರಿ ಬರುವ ಜೋಮು. ಇವನ್ನು ಬಿಡಿಸಿ ನೋಡೋಣ. ಪ್ರಾಕ್ಟೀಸ್ ಬಿಡುವ ಮಾತನ್ನು ಸದ್ಯಕ್ಕೆ ಪಕ್ಕಕ್ಕಿಡಿ. ನೀವು ಬರೆದಿರುವುದರಲ್ಲಿ ಅಂಥ ತೀರ್ಮಾನಕ್ಕೆ ಒತ್ತಾಯ ಮಾಡುವಂಥದ್ದು ನನಗೆ ಏನೂ ಕಾಣಲಿಲ್ಲ.

ಮೊದಲು ಎಂಆರ್‌ಐ. ಬಲ್ಜ್ ಅಂದ ಕೂಡಲೇ ಕುತ್ತಿಗೆಯೇ ಮುಗಿದುಹೋಯಿತು ಅನ್ನಿಸುತ್ತದೆ. ಆದರೆ ಜಪಾನಿನಲ್ಲಿ ಕುತ್ತಿಗೆ ನೋವೇ ಇಲ್ಲದ 1,211 ಜನರ ಕುತ್ತಿಗೆ ಸ್ಕ್ಯಾನ್ ಮಾಡಿ 2015ರಲ್ಲಿ ಫಲಿತಾಂಶ ಪ್ರಕಟಿಸಿದರು. ಅದರಲ್ಲಿ ಶೇ. 87.6 ಜನಕ್ಕೆ ಡಿಸ್ಕ್ ಬಲ್ಜ್ ಇತ್ತು. ಇಪ್ಪತ್ತರ ಹರೆಯದವರಲ್ಲೇ ನಾಲ್ಕರಲ್ಲಿ ಮೂವರಿಗೆ ಹತ್ತಿರ ಹತ್ತಿರ ಇತ್ತು. ಇವರೆಲ್ಲ ಯಾವ ನೋವೂ ಇಲ್ಲದೆ ಓಡಾಡಿಕೊಂಡಿದ್ದವರು. ಹಾಗಾಗಿ 34ರ ವಯಸ್ಸಿನಲ್ಲಿ ಸಿ5-ಸಿ6 ಸ್ವಲ್ಪ ಉಬ್ಬಿದೆ ಅನ್ನುವುದು ನಿಮ್ಮ ನೋವಿಗೆ ಕಾರಣ ಇರಬಹುದು, ಇಲ್ಲದೆಯೂ ಇರಬಹುದು. ರಿಪೋರ್ಟ್ ಒಂದನ್ನೇ ಹಿಡಿದುಕೊಂಡು ಹೇಳಲು ಬರುವುದಿಲ್ಲ. ಮೇಲಿನ ದವಡೆ ಹಲ್ಲಿನ ಕೆಲಸ ಮಾಡಿದ ದಿನ ನೋವು ಜಾಸ್ತಿ ಅಂತ ನೀವೇ ಬರೆದಿದ್ದೀರಲ್ಲ, ನನಗೆ ಎಂಆರ್‌ಐಗಿಂತ ಆ ಒಂದು ಸಾಲು ಹೆಚ್ಚು ಉಪಯೋಗಕ್ಕೆ ಬಂತು.

ಯಾಕೆ ಅಂದರೆ, ನೋವು ಕೆಲಸದ ಜೊತೆ ಏರಿಳಿಯುತ್ತಿದೆ. ನಿಮ್ಮ ಕೆಲಸದಲ್ಲಿ ಭಾರ ಎತ್ತುವುದಿಲ್ಲ, ಓಡುವುದಿಲ್ಲ, ಒಂದೇ ಭಂಗಿಯಲ್ಲಿ ಮಿಸುಕಾಡದೆ ಇರುತ್ತೀರಿ. ಸ್ನಾಯು ಕೆಲಸ ಮಾಡುವಾಗ ಬಿಗಿದು ಸಡಿಲವಾಗುತ್ತಾ ಇದ್ದರೆ ರಕ್ತ ಹರಿಯುತ್ತದೆ. ಬಿಗಿದೇ ಇದ್ದರೆ, ಆ ಬಿಗಿತ ಸ್ವಲ್ಪವೇ ಆದರೂ, ರಕ್ತ ಓಡಾಟ ಕಮ್ಮಿಯಾಗಿ ಸುಸ್ತು ಅಲ್ಲೇ ಉಳಿದುಕೊಳ್ಳುತ್ತದೆ. ಸ್ವೀಡನ್ನಿನ ಹೇಗ್ ಎಂಬ ಸಂಶೋಧಕರು 1990ರ ದಶಕದಲ್ಲಿ ಇದಕ್ಕೊಂದು ವಿವರಣೆ ಕೊಟ್ಟರು. ಹೆಗಲ ಸ್ನಾಯುವಿನ ಕೆಲವು ಸಣ್ಣ ಎಳೆಗಳು ಎಲ್ಲಕ್ಕಿಂತ ಮೊದಲು ಕೆಲಸಕ್ಕೆ ಇಳಿಯುತ್ತವೆ, ಎಲ್ಲಕ್ಕಿಂತ ಕೊನೆಗೆ ಬಿಡುಗಡೆಯಾಗುತ್ತವೆ. ಹೆಗಲು ಒಂಚೂರು ಎತ್ತಿಕೊಂಡು ನಾಲ್ಕು ಗಂಟೆ ಕೂತರೆ ಅವಕ್ಕೆ ನಾಲ್ಕು ಗಂಟೆಯೂ ರಜೆ ಇಲ್ಲ. ಹಗುರ ಕೆಲಸ ಮಾಡುವವರಿಗೂ ಹೆಗಲು ಸುಡುವಂತೆ ನೋಯುವುದಕ್ಕೆ ಇದೊಂದು ಕಾರಣ ಇರಬಹುದು.

ಅದರ ಮೇಲೆ ತಲೆಯ ಭಾರ. ತಲೆ ಸುಮಾರು 5 ಕೆಜಿ. ತುಂಬಿದ ಕೊಡವನ್ನು ಸೊಂಟಕ್ಕೆ ಒತ್ತಿ ಹಿಡಿಯುವುದಕ್ಕೂ ಕೈ ಚಾಚಿ ಹಿಡಿಯುವುದಕ್ಕೂ ಇರುವ ವ್ಯತ್ಯಾಸವೇ ಇಲ್ಲೂ ಇರುವುದು. ಅಮೆರಿಕದ ಬೆನ್ನುಮೂಳೆ ಸರ್ಜನ್ ಕೆನೆತ್ ಹನ್ಸ್‌ರಾಜ್ 2014ರಲ್ಲಿ ಮಾಡಿದ ಕಂಪ್ಯೂಟರ್ ಲೆಕ್ಕದ ಪ್ರಕಾರ, ತಲೆ 30 ಡಿಗ್ರಿ ಬಗ್ಗಿದರೆ ಕುತ್ತಿಗೆಗೆ ಬೀಳುವ ಹೊರೆ ಸುಮಾರು 18 ಕೆಜಿ, 60 ಡಿಗ್ರಿಗೆ 27 ಕೆಜಿ. ಅದು ಮಾದರಿಯ ಲೆಕ್ಕವೇ ಹೊರತು ಮನುಷ್ಯರ ಕುತ್ತಿಗೆಯಲ್ಲಿ ಅಳೆದದ್ದಲ್ಲ, ಹಾಗಾಗಿ ಅಂಕಿಯನ್ನು ಬಾಯಿಪಾಠ ಮಾಡಬೇಡಿ, ದಿಕ್ಕು ಮಾತ್ರ ನೆನಪಿಡಿ. ತಲೆ ಸುಮಾರು 20 ಡಿಗ್ರಿ ಒಳಗೆ ಬಗ್ಗಿರಲಿ ಅಂತ ನಾವು ಹೇಳುವುದು ಇದಕ್ಕೇ. ಬಗ್ಗುವುದರ ಜೊತೆ ಬಲಕ್ಕೆ ವಾಲಿ, ಸ್ವಲ್ಪ ತಿರುಚಿಕೊಂಡರಂತೂ ಒಂದೇ ಕಡೆ ಪೂರ್ತಿ ಹೊರೆ. ನಿಮಗೆ ಬಲಗಡೆಯೇ ನೋಯುತ್ತಿರುವುದರಿಂದ ನಿಮ್ಮದೂ ಇದೇ ಇರಬೇಕು ಅಂತ ನನ್ನ ಅಂದಾಜು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ನಾನು ನೋಡಿದ ಬಹುತೇಕ ಕ್ಲಿನಿಕ್‌ಗಳಲ್ಲಿ ಡಾಕ್ಟರು ರೋಗಿಗೆ ಹೊಂದಿಕೊಂಡು ಬಗ್ಗುತ್ತಾರೆ. ರೋಗಿಯನ್ನು ತಮಗೆ ಬೇಕಾದ ಹಾಗೆ ಮಲಗಿಸಿಕೊಳ್ಳುವುದಿಲ್ಲ. ಕೇಳಿದರೆ ಅದೇ ಉತ್ತರ: ಪೂರ್ತಿ ಮಲಗಿಸಿದರೆ ಅವರು ಗಾಬರಿ ಬೀಳುತ್ತಾರೆ, ಎರಡು ನಿಮಿಷಕ್ಕೊಮ್ಮೆ ಉಗಿಯಬೇಕು ಅನ್ನುತ್ತಾರೆ, ವಯಸ್ಸಾದವರು ಬೇರೆ. ಪಾಪ, ಎಲ್ಲವೂ ನಿಜ. ಆದರೆ ರೋಗಿ ಆ ಭಂಗಿಯಲ್ಲಿ ಇರುವುದು ಅರ್ಧ ಗಂಟೆ. ನೀವು ಇರುವುದು ಇನ್ನೂ 25 ವರ್ಷ.

ಚೇರ್ ಹಿಂದಕ್ಕೆ ವಾಲುವಾಗ ರೋಗಿ ಕೆಳಕ್ಕೆ ಜಾರುತ್ತಾರೆ, ಗಮನಿಸಿದ್ದೀರಾ? ತಲೆ ಹೆಡ್‌ರೆಸ್ಟ್‌ನ ತುದಿಯಿಂದ ನಾಲ್ಕು ಬೆರಳು ಕೆಳಗೆ ಹೋಗಿರುತ್ತದೆ. ಆ ನಾಲ್ಕು ಬೆರಳಿನಷ್ಟು ದೂರವನ್ನು ನೀವು ಕುತ್ತಿಗೆ ಚಾಚಿ ತುಂಬಿಕೊಳ್ಳುತ್ತೀರಿ. ಪ್ರತಿ ರೋಗಿಗೂ, ಚೇರ್ ಮಲಗಿದ ಮೇಲೆ, "ಅಮ್ಮಾ, ಒಂಚೂರು ಮೇಲಕ್ಕೆ ಸರಿದು ಮಲಗಿ" ಅಂತ ಹೇಳಿ ನೆತ್ತಿ ಹೆಡ್‌ರೆಸ್ಟ್‌ನ ತುದಿಗೆ ಬರುವ ಹಾಗೆ ಮಾಡಿ. ಇದಕ್ಕೆ ಒಂದು ಪೈಸೆ ಖರ್ಚಿಲ್ಲ. ನನ್ನ ಅನುಭವದಲ್ಲಿ ಇದಕ್ಕಿಂತ ಬೇಗ ಫಲ ಕೊಟ್ಟ ಬದಲಾವಣೆ ಇನ್ನೊಂದಿಲ್ಲ.

ಮೇಲಿನ ಹಲ್ಲಿಗೆ ರೋಗಿ ಪೂರ್ತಿ ಅಡ್ಡ ಮಲಗಬೇಕು, ಗದ್ದ ಮೇಲಕ್ಕೆ ಏಳಬೇಕು. ಮೇಲಿನ ಹಲ್ಲಿನ ಸಾಲು ನೆಲಕ್ಕೆ ನೇರ ಲಂಬವಾಗಿ, ಹಿಂದಿನ ದವಡೆ ಹಲ್ಲಾದರೆ ಇನ್ನೂ ಸ್ವಲ್ಪ ನಿಮ್ಮ ಕಡೆಗೇ ವಾಲಿ ನಿಂತಿರಬೇಕು. ಹೆಡ್‌ರೆಸ್ಟ್ ಹಳೇದಾಗಿ ಬಾಗದಿದ್ದರೆ ಒಂದು ಸಣ್ಣ ಟವೆಲ್ ಸುತ್ತಿ ಕತ್ತಿನ ಕೆಳಗೆ ಕೊಡಿ, ಗದ್ದ ತಾನಾಗಿ ಏಳುತ್ತದೆ. ನೀವು ತಲೆಯ ಹಿಂದೆ, ಗಡಿಯಾರದ 11-12ರ ಜಾಗದಲ್ಲಿ (ರೋಗಿಯ ನೆತ್ತಿಯ ದಿಕ್ಕು 12 ಅಂತ ಲೆಕ್ಕ) ಕೂತು ಮೌತ್ ಮಿರರ್‌ನಲ್ಲಿ ನೋಡಿ. ಕೆಳಗಿನ ಹಲ್ಲಿಗೆ ಬೆನ್ನಿನ ಭಾಗ ಸುಮಾರು 20 ಡಿಗ್ರಿ ಎತ್ತಿ, ಗದ್ದ ಎದೆಯ ಕಡೆಗೆ ಇಳಿಸಿ, 9-10ರ ಕಡೆ ಬನ್ನಿ. ಕಾಲೇಜಿನಲ್ಲಿ ಹೇಳಿಕೊಟ್ಟಿರುತ್ತಾರೆ. ಆದರೆ ಕನ್ನಡಿಯಲ್ಲಿ ನೋಡಿ ಕೆಲಸ ಮಾಡುವುದು ಕೈಗೆ ಹತ್ತುವ ಮೊದಲೇ ಇಂಟರ್ನ್‌ಶಿಪ್ ಮುಗಿದು, ಆಮೇಲೆ ನೇರವಾಗಿ ಬಗ್ಗಿ ನೋಡುವುದೇ ರೂಢಿಯಾಗಿಬಿಡುತ್ತದೆ. ಮೊದಲು ಸುಲಭದ ಕೇಸಿನಲ್ಲಿ ಕನ್ನಡಿ ರೂಢಿಸಿಕೊಳ್ಳಿ, ರೂಟ್ ಕೆನಾಲ್‌ನಲ್ಲೇ ಶುರು ಮಾಡಬೇಡಿ. ಕೆಲವು ವಾರ ಕೆಲಸ ನಿಧಾನವಾಗುತ್ತದೆ, ಅದಕ್ಕೆ ತಯಾರಿರಿ.

ಒಂದು ಅನುಮಾನ. ನಿಮ್ಮದು ಅಂಗಡಿ ಮಳಿಗೆಯಲ್ಲಿ ಮಾಡಿದ ಕ್ಲಿನಿಕ್ ಆಗಿದ್ದರೆ ಚೇರ್‌ನ ತಲೆ ಭಾಗ ಗೋಡೆಗೋ ಸಿಂಕ್ ಕಟ್ಟೆಗೋ ಅಂಟಿಕೊಂಡಿರಬಹುದು. ಹಾಗಿದ್ದರೆ 12ರ ಜಾಗವೇ ನಿಮಗಿಲ್ಲ. 9ರಲ್ಲೇ ಕೂತು ಬಲಕ್ಕೆ ವಾಲಿ ಮೇಲಿನ ಹಲ್ಲು ನೋಡಬೇಕಾಗುತ್ತದೆ, ಬಲಗಡೆ ಕುತ್ತಿಗೆ ನೋಯದೆ ಇನ್ನೇನು ಆಗುತ್ತದೆ? ಚೇರ್ ಸರಿಸುವುದು ಅಂದರೆ ನೆಲದೊಳಗಿನ ನೀರು, ಗಾಳಿ, ಡ್ರೈನ್ ಪೈಪ್ ಎಲ್ಲ ಸರಿಸಬೇಕು, ದೊಡ್ಡ ಕೆಲಸ. ಅದರ ಬದಲು ಹಿಂದಿನ ಕಪಾಟನ್ನು ಕಿತ್ತು ಬೇರೆ ಗೋಡೆಗೆ ಹಾಕಿಸಲು ಆಗುತ್ತದಾ ನೋಡಿ. ಸ್ಟೂಲ್ ಸಲೀಸಾಗಿ ಹೋಗಿ ತಿರುಗುವಷ್ಟು ಜಾಗ ಸಿಕ್ಕರೆ ಸಾಕು. ನನ್ನನ್ನು ಕೇಳಿದರೆ ನಿಮ್ಮ ದುಡ್ಡಿನ ಮೊದಲ ಭಾಗ ಬಡಗಿಗೆ ಹೋಗಬೇಕು, ಲೂಪ್ಸ್ ಕಂಪನಿಗೆ ಆಮೇಲೆ.

ಎತ್ತರದ ವಿಷಯ. ಚೆನ್ನಾಗಿ ಕಾಣಲಿ ಅಂತ ಎಲ್ಲರೂ ಚೇರನ್ನು ಕಣ್ಣಿನ ಹತ್ತಿರಕ್ಕೆ ಏರಿಸುತ್ತಾರೆ. ಆಗ ಮೊಣಕೈ ಮೇಲೇಳುತ್ತದೆ, ಹೆಗಲು ಕಿವಿಯ ಕಡೆಗೆ ಹೋಗುತ್ತದೆ. ಆ ಸುಡುವ ನೋವಿನ ತವರು ಅದೇ. ಮೊದಲು ನೀವು ಸರಿಯಾಗಿ ಕೂತು, ತೋಳು ಪಕ್ಕೆಗೆ ಇಳಿಬಿಟ್ಟು, ಮೊಣಕೈ ಮಡಿಸಿ. ಬೆರಳ ತುದಿ ಎಲ್ಲಿಗೆ ಬರುತ್ತದೋ ಅಲ್ಲಿ ರೋಗಿಯ ಬಾಯಿ ಇರಲಿ, ಒಂಚೂರು ಮೇಲಿದ್ದರೂ ಪರವಾಗಿಲ್ಲ. ಅಷ್ಟು ದೂರದಿಂದ ಮಬ್ಬಾಗಿ ಕಂಡರೆ ಕಣ್ಣು ಪರೀಕ್ಷೆ ಮಾಡಿಸಿ. ಲೈಟನ್ನೂ ನೋಡಿಕೊಳ್ಳಿ, ಅದು ಆದಷ್ಟು ನಿಮ್ಮ ನೋಟದ ಗೆರೆಯಲ್ಲೇ ಬೀಳಬೇಕು. ನಿಮ್ಮ ಕೈಯ ನೆರಳು ಬಿದ್ದರೆ ನೀವು ತಲೆ ಅಡ್ಡ ಹಾಕಿ ಇಣುಕುತ್ತೀರಿ.

ಇನ್ನು ಸ್ಟೂಲ್. ನಿಮ್ಮ ಎತ್ತರ ಓದಿದಾಗಲೇ ನನಗೆ ಇದರ ಮೇಲೆ ಕಣ್ಣು ಬಿತ್ತು. ಚೇರ್ ಜೊತೆ ಬರುವ ಸ್ಟೂಲ್ ಎಷ್ಟು ಇಳಿಸಿದರೂ 5 ಅಡಿ 1 ಇಂಚಿನವರಿಗೆ ಎತ್ತರವೇ ಆಗುವುದು ಮಾಮೂಲು. ಆಗ ಕಾಲು ಪೂರ್ತಿ ನೆಲಕ್ಕೆ ಊರಲ್ಲ, ಸ್ಟೂಲಿನ ಅಂಚಿಗೆ ಜಾರಿ ಕೂರುತ್ತೀರಿ, ಬೆನ್ನಿನ ಆಸರೆ ಹಿಂದೆಲ್ಲೋ ಉಳಿಯುತ್ತದೆ. ನಾಳೆ ನೋಡಿಕೊಳ್ಳಿ: ಎರಡೂ ಪಾದ ಪೂರ್ತಿ ನೆಲದ ಮೇಲಿದ್ದು, ಸೊಂಟ ಮಂಡಿಗಿಂತ ಸ್ವಲ್ಪ ಎತ್ತರದಲ್ಲಿ ಇರುವ ಹಾಗೆ ಕೂರಲು ಆಗುತ್ತದಾ? ಆಗದಿದ್ದರೆ ಸ್ಟೂಲ್ ಬದಲಿಸಬೇಕಿಲ್ಲ, ಅದರೊಳಗಿನ ಗ್ಯಾಸ್ ಸಿಲಿಂಡರ್ ಬದಲಿಸಿ ಗಿಡ್ಡದ್ದು ಹಾಕಿಸಬಹುದು. ಆಫೀಸ್ ಕುರ್ಚಿ ರಿಪೇರಿ ಮಾಡುವವರನ್ನು ಕೇಳಿ ನೋಡಿ. ಜೊತೆಗೆ ಫುಟ್ ಪೆಡಲ್ ಎಲ್ಲಿದೆ ನೋಡಿ. ದೂರದಲ್ಲಿದ್ದರೆ ಬಲಗಾಲು ಚಾಚಿ ಇಡೀ ಸೊಂಟ ಒಂದು ಕಡೆ ತಿರುಚಿರುತ್ತದೆ. ಪಾದದ ಕೆಳಗೇ ಎಳೆದುಕೊಳ್ಳಿ, ನೀವು ಜಾಗ ಬದಲಿಸಿದಾಗ ಪೆಡಲೂ ನಿಮ್ಮ ಜೊತೆ ಬರಲಿ, ಆಗಾಗ ಎಡಗಾಲಿಗೂ ಕೊಡಿ.

ಸ್ಯಾಡಲ್ ಸ್ಟೂಲ್ ಒಳ್ಳೆಯದೇ. ಕುದುರೆ ಮೇಲೆ ಕೂತ ಹಾಗೆ ತೊಡೆ ಇಳಿಜಾರಾಗಿ, ಸೊಂಟದ ಕೋನ ಸುಮಾರು 135 ಡಿಗ್ರಿಗೆ ತೆರೆಯುತ್ತದೆ, ಸೊಂಟದ ಸಹಜ ಬಾಗು ಉಳಿಯುತ್ತದೆ. ಆದರೆ ಅದರಲ್ಲಿ ನೀವು ಎತ್ತರಕ್ಕೆ ಬರುತ್ತೀರಿ, ರೋಗಿಯ ಚೇರೂ ಅಷ್ಟು ಮೇಲೇರಬೇಕು. ಹಳೇ ಚೇರ್ ಏರದಿದ್ದರೆ ಮತ್ತೆ ಬಗ್ಗುವುದೇ. ಚೇರ್‌ನ ಬೆನ್ನು ದಪ್ಪ ಇದ್ದರೆ ಮಂಡಿ ಕೆಳಗೆ ತೂರುವುದಿಲ್ಲ. ಮೊದಲ ಒಂದೆರಡು ವಾರ ತೊಡೆಯ ಒಳಭಾಗ ನೋಯುತ್ತದೆ. ಯಾರದಾದರೂ ಇದ್ದರೆ ಎರಡು ದಿನ ತಂದು ನಿಮ್ಮ ಚೇರ್ ಜೊತೆ ಇಟ್ಟು ನೋಡಿ, ಆಮೇಲೆ ಕೊಳ್ಳಿ.

ಲೂಪ್ಸ್ ಬಗ್ಗೆ ಜಾಸ್ತಿ ತಪ್ಪು ಕಲ್ಪನೆ ಇದೆ. ಲೂಪ್ಸ್ ಹಾಕಿದರೆ ಕುತ್ತಿಗೆ ನೆಟ್ಟಗಾಗುತ್ತದೆ ಅನ್ನುತ್ತಾರೆ. ಅದು ನೆಟ್ಟಗೂ ಮಾಡುತ್ತದೆ, ಸೊಟ್ಟಗೂ ಮಾಡುತ್ತದೆ. ಲೂಪ್ಸ್‌ಗೆ ಒಂದು ನಿಗದಿ ದೂರ, ನೋಟ ಕೆಳಗಿಳಿಯುವ ಒಂದು ನಿಗದಿ ಕೋನ ಇರುತ್ತದೆ. ನೀವು ಬಗ್ಗಿ ಕೂತಿರುವಾಗ ಅಳತೆ ತೆಗೆದುಕೊಂಡರೆ ಆ ಬಗ್ಗಿದ ಭಂಗಿಯೇ ಖಾಯಂ ಆಗುತ್ತದೆ, ತಲೆ ಎತ್ತಿದರೆ ಮಸುಕು. ಸಮ್ಮೇಳನದ ಸ್ಟಾಲ್‌ನಲ್ಲಿ ನಿಂತುಕೊಂಡು ಅಳತೆ ಕೊಟ್ಟು ಬಂದವರು ಆಮೇಲೆ ನನ್ನ ಹತ್ರ ಬರುತ್ತಾರೆ. ಅದಕ್ಕೇ ಮೊದಲು ರೋಗಿ, ಸ್ಟೂಲ್, ಎತ್ತರ ಸರಿಮಾಡಿಕೊಳ್ಳಿ. ಕೆಲವು ವಾರ ಆ ಭಂಗಿ ರೂಢಿಯಾಗಲಿ. ಆಮೇಲೆ ನಿಮ್ಮದೇ ಸ್ಟೂಲಿನಲ್ಲಿ ಕೂರಿಸಿ ಅಳತೆ ತೆಗೆಯುವವರ ಹತ್ತಿರ ಮಾಡಿಸಿ, ಶುರುವಿಗೆ 2.5 ಪಟ್ಟು ಸಾಕು. ನೇರ ಮುಂದೆ ನೋಡುತ್ತಾ ಕೆಳಗಿನ ಬಾಯಿ ಕಾಣುವ, ಪ್ರಿಸಮ್ ಇರುವ ಹೊಸ ಬಗೆಯ ಲೂಪ್ಸ್ ಕುತ್ತಿಗೆಗೆ ನಿಜಕ್ಕೂ ಹಿತ. ಬೆಲೆ ಜಾಸ್ತಿ, ಒಗ್ಗಿಕೊಳ್ಳಲು ಸಮಯ ಬೇಕು. ಸಾಲ ಇರುವವರು ಅದಕ್ಕೆ ಅವಸರ ಪಡಬೇಕಿಲ್ಲ.

ರಾತ್ರಿಯ ಜೋಮಿಗೆ ಬರೋಣ. ಇದನ್ನು ಕುತ್ತಿಗೆಯ ಬಲ್ಜ್ ಲೆಕ್ಕಕ್ಕೆ ಸೇರಿಸಿಬಿಟ್ಟಿದ್ದಾರೆ ಅನ್ನಿಸುತ್ತದೆ. ನಿದ್ದೆಯಲ್ಲಿ ಜೋಮು ಹಿಡಿದು ಎಚ್ಚರವಾಗಿ, ಕೈ ಕೊಡವಿದರೆ ಸರಿಹೋಗುವುದು ಮಣಿಕಟ್ಟಿನಲ್ಲಿ ನರ ಒತ್ತುವ ಕಾರ್ಪಲ್ ಟನಲ್ ಸಮಸ್ಯೆಯ ಗುರುತು. ಇವತ್ತು ರಾತ್ರಿ ಎಚ್ಚರವಾದಾಗ ಯಾವ ಬೆರಳು ಅಂತ ನೋಡಿ. ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿದು ಕಿರುಬೆರಳು ಚೆನ್ನಾಗಿದ್ದರೆ ಮಣಿಕಟ್ಟಿನ ಮೇಲೆ ಅನುಮಾನ ಜಾಸ್ತಿ. ಕುತ್ತಿಗೆಯಿಂದ ಬರುವುದಾದರೆ ಸಾಮಾನ್ಯವಾಗಿ ಕತ್ತು ತಿರುಗಿಸಿದಾಗ, ಹಿಂದಕ್ಕೆ ಬಾಗಿಸಿದಾಗ ನೋವು ತೋಳಿಗೆ ಇಳಿಯುತ್ತದೆ. ಕಿರುಬೆರಳ ಕಡೆ ಜೋಮು ಇದ್ದರೆ ಅದು ಬೇರೆಯೇ ನರ, ಮೊಣಕೈ ನೋಡಬೇಕು. ಎರಡು ಒಟ್ಟಿಗೆ ಇರುವುದೂ ಉಂಟು. ನರದಲ್ಲಿ ಸಂಕೇತ ಹೇಗೆ ಹರಿಯುತ್ತದೆ ಅಂತ ಅಳೆಯುವ ನರ್ವ್ ಕಂಡಕ್ಷನ್ ಪರೀಕ್ಷೆ ಒಂದು ಮಾಡಿಸಿ. ಥೈರಾಯ್ಡ್, ಸಕ್ಕರೆ ಕೂಡ ನೋಡಿಸಿ, ಅವು ಏರುಪೇರಾದರೂ ಇದೇ ತೊಂದರೆ ಬರುತ್ತದೆ, ಗರ್ಭಿಣಿಯರಲ್ಲೂ ಬರುತ್ತದೆ. ಸದ್ಯಕ್ಕೆ ರಾತ್ರಿ ಮಲಗುವಾಗ ಮಣಿಕಟ್ಟು ನೇರವಾಗಿ ಇಡುವ ಸ್ಪ್ಲಿಂಟ್ ಹಾಕಿಕೊಳ್ಳಿ. ಅದರಲ್ಲಿ ಅಪಾಯ ಇಲ್ಲ, ಲಾಭ ಇದೆ.

ಕೈಗೆ ಸಂಬಂಧಿಸಿ ಇನ್ನೆರಡು. ಎರಡೂ ಕೈಗೆ ಒಂದೇ ಆಕಾರದ ಬಿಗಿ ಗ್ಲೌಸ್ ಹೆಬ್ಬೆರಳ ಬುಡವನ್ನು ಇಡೀ ದಿನ ಎಳೆಯುತ್ತಾ ಇರುತ್ತದೆ. ಸರಿಯಾದ ಸೈಜಿನ, ಎಡ-ಬಲ ಬೇರೆ ಇರುವ ಗ್ಲೌಸ್ ಸಿಕ್ಕರೆ ಕನಿಷ್ಠ ಉದ್ದದ ಕೇಸುಗಳಿಗೆ ಅದನ್ನು ಹಾಕಿ. ಹಲ್ಲಿನ ಕಿಟ್ಟ ಕೆರೆಯುವ ಸ್ಕೇಲರ್, ಮಿರರ್‌ಗಳ ಹಿಡಿ ತೆಳ್ಳಗಿದ್ದಷ್ಟೂ ಚಿವುಟಿ ಹಿಡಿಯಬೇಕಾಗುತ್ತದೆ. ಸುಮಾರು 10 ಮಿ.ಮೀ. ದಪ್ಪದ, 15 ಗ್ರಾಂ ಒಳಗಿನ ಹಗುರ ಹಿಡಿಗೆ ಕಡಿಮೆ ಬಲ ಸಾಕು ಅಂತ ಅಧ್ಯಯನಗಳು ತೋರಿಸಿವೆ. ಮೊಂಡು ಸ್ಕೇಲರ್ ಅಂತೂ ಎಸೆಯಿರಿ, ಇಲ್ಲವೇ ಮಸೆಯಿರಿ. ಹಲ್ಲು ಕೊರೆಯುವ ಏರೋಟರ್‌ನ ಸುರುಳಿ ಪೈಪ್ ಹಿಂದಕ್ಕೆ ಎಳೆಯುತ್ತಿದ್ದರೆ ನೇರ ಪೈಪ್ ಹಾಕಿಸಿ.

ಕಾಲರ್ ಬಗ್ಗೆ ಕೊಟ್ಟ ಡಾಕ್ಟರ ಜೊತೆ ಒಮ್ಮೆ ಮಾತಾಡಿ. ನೋವು ತೀರಾ ಇರುವ ಕೆಲವೇ ದಿನಕ್ಕೆ ಅದು ಸರಿ. ತಿಂಗಳುಗಟ್ಟಲೆ ಹಾಕಿದರೆ ಕತ್ತಿನ ಸ್ನಾಯು ಇನ್ನೂ ದುರ್ಬಲವಾಗುತ್ತದೆ. ನೋವಿನ ಮಾತ್ರೆ ನುಂಗಿ ಸಂಜೆ ಕ್ಲಿನಿಕ್ ಮಾಡುವ ಅಭ್ಯಾಸ ಬೇಡ. ಹೊಟ್ಟೆ, ಕಿಡ್ನಿ ಒಂದು ಕಡೆ, ಎಚ್ಚರಿಕೆ ಕೊಡುತ್ತಿರುವ ನೋವನ್ನೇ ಬಾಯಿ ಮುಚ್ಚಿಸಿ ಅದೇ ಭಂಗಿಯಲ್ಲಿ ಇನ್ನೂ ನಾಲ್ಕು ಗಂಟೆ ಕೂತ ಹಾಗಾಗುತ್ತದೆ. ಜಿಮ್‌ಗೆ ಹೋಗಿ, ಖಂಡಿತ ಹೋಗಿ, ಆದರೆ ಅದೊಂದೇ ಉಪಾಯ ಅಂದುಕೊಳ್ಳಬೇಡಿ. ಬೆನ್ನಿನ ರೆಕ್ಕೆಗಳನ್ನು ಹಿಂದಕ್ಕೆ ಎಳೆಯುವ ವ್ಯಾಯಾಮ, ಗದ್ದ ಒಳಕ್ಕೆ ಎಳೆದು ಕತ್ತಿನ ಮುಂಭಾಗದ ಆಳದ ಸ್ನಾಯು ಬಲಪಡಿಸುವುದು, ನಡಿಗೆ, ಇವು ಮೊದಲು. ತಲೆ ಮೇಲೆ ತೂಕ ಎತ್ತುವುದು, ಹೆಗಲು ಎಗರಿಸುವ ವ್ಯಾಯಾಮ ನೋವು ಇಳಿಯುವವರೆಗೆ ಬೇಡ.

ಬಿಡುವು ಎಲ್ಲಿಂದ ತರಲಿ ಅಂತ ಕೇಳುತ್ತೀರಿ, ಅಲ್ವಾ? ಹೊರಗೆ ಜನ ಕಾಯುತ್ತಿರುತ್ತಾರೆ, ಸಂತೆ ದಿನವಂತೂ ಹಳ್ಳಿಯವರು ಬಸ್ ಹಿಡಿಯುವ ಅವಸರದಲ್ಲಿರುತ್ತಾರೆ. ಬಿಡುವು ನಿಮ್ಮ ಕೆಲಸದೊಳಗೇ ಇದೆ. ಫಿಲ್ಲಿಂಗ್ ಗಟ್ಟಿ ಮಾಡುವ ಕ್ಯೂರಿಂಗ್ ಲೈಟ್ ಹಿಡಿಯುವ 20 ಸೆಕೆಂಡು, ಅರಿವಳಿಕೆ ಹಿಡಿಯುವ ಮೂರ್ನಾಲ್ಕು ನಿಮಿಷ, ಅಳತೆಯ ಆಲ್ಜಿನೇಟ್ ಗಟ್ಟಿಯಾಗುವ ಹೊತ್ತು. ಆಗ ಫೋನ್ ಮುಟ್ಟಬೇಡಿ, ಅದಕ್ಕೂ ಕತ್ತು ಬಗ್ಗಲೇಬೇಕು. ಎದ್ದು ನಿಂತು ಎದೆ ಹಿಗ್ಗಿಸಿ, ಹೆಗಲು ಹಿಂದಕ್ಕೆ ತಿರುಗಿಸಿ, ಕೈ ಕೆಳಗೆ ಬಿಟ್ಟು ಸಡಿಲಿಸಿ. ಮೇಲಿನ ದವಡೆಯ ಮೂರು ರೂಟ್ ಕೆನಾಲ್ ಒಂದರ ಹಿಂದೊಂದು ಇಟ್ಟುಕೊಳ್ಳಬೇಡಿ. ಮಧ್ಯೆ ಒಂದು ಹಲ್ಲು ಕೀಳುವುದು ಬರಲಿ, ಅದನ್ನು ನಿಂತು ಮಾಡಿ. ಮಲಗಲಾಗದ ರೋಗಿಗಳೂ ಇದ್ದಾರೆ: ಹೃದಯದ ತೊಂದರೆ, ಎದೆಯುರಿ ಇರುವವರು, ಬೆನ್ನು ಬಾಗಿದ ಅಜ್ಜ-ಅಜ್ಜಿಯರು, ತುಂಬು ಗರ್ಭಿಣಿಯರು. ಅವರನ್ನು ಕೂರಿಸಿ, ನೀವು ನಿಂತುಕೊಳ್ಳಿ, ಕೆಲಸವನ್ನು ಎರಡು ಸಿಟ್ಟಿಂಗ್‌ಗೆ ಹಂಚಿ. ಅವರ ಮುಂದೆ ಸ್ಟೂಲಿನಲ್ಲಿ ಕೂತು ಹೋರಾಡಬೇಡಿ.

ನಿಮ್ಮ ಸಹಾಯಕಿಯ ಬಗ್ಗೆ ನೀವು ಏನೂ ಬರೆದಿಲ್ಲ, ನಾನೇ ಕೇಳುತ್ತೇನೆ. ಅವಳು ಎಲ್ಲಿ ಕೂರುತ್ತಾಳೆ? ಬಹುಪಾಲು ಕ್ಲಿನಿಕ್‌ಗಳಲ್ಲಿ ಆ ಹುಡುಗಿಯರಿಗೆ ಸ್ಟೂಲೇ ಇರುವುದಿಲ್ಲ. ಇಡೀ ದಿನ ನಿಂತು, ಬಗ್ಗಿ, ಕೈ ಚಾಚಿ ಎಂಜಲು ಹೀರುವ ಸಕ್ಷನ್ ಹಿಡಿಯುತ್ತಾರೆ. ನಡುವೆ ಫೋನ್, ಬಾಗಿಲು, ಆಟೊಕ್ಲೇವ್ ಎಲ್ಲ ಅವರೇ. ಅವರ ಸೊಂಟ ನೋವಿಗೆ ಎಂಆರ್‌ಐ ಮಾಡಿಸುವವರು ಯಾರೂ ಇಲ್ಲ. ಕಾಲಿಡಲು ಬಳೆ ಇರುವ ಒಂದು ಎತ್ತರದ ಸ್ಟೂಲ್ ಕೊಡಿಸಿ, ಅವಳ ಕಣ್ಣು ನಿಮ್ಮ ಕಣ್ಣಿಗಿಂತ 10-15 ಸೆಂ.ಮೀ. ಮೇಲಿರಲಿ. ಅವಳಿಗೆ ಬಾಯೊಳಗೆ ಸರಿಯಾಗಿ ಕಂಡು ಸಕ್ಷನ್ ಚೆನ್ನಾಗಿ ಹಿಡಿದರೆ ರೋಗಿ ಉಗಿಯಲು ಏಳುವುದು ಕಮ್ಮಿಯಾಗುತ್ತದೆ. ಏಳುವುದು ಕಮ್ಮಿಯಾದರೆ ಅವರು ಜಾರುವುದಿಲ್ಲ, ನೀವು ಮತ್ತೆ ಮತ್ತೆ ಹೊಸದಾಗಿ ಬಗ್ಗಿ ಹೊಂದಿಸಿಕೊಳ್ಳುವುದಿಲ್ಲ.

ದುಡ್ಡು ಹಾಕುವ ಕ್ರಮ ಕೇಳಿದ್ದೀರಿ. ರೋಗಿಯನ್ನು ಸರಿಸುವುದು, ಪೆಡಲ್, ಲೈಟ್, ಎತ್ತರ, ಇವು ಪುಕ್ಕಟೆ, ನಾಳೆಯೇ ಶುರು ಮಾಡಿ. ಆಮೇಲೆ ಹಿಂದಿನ ಕಪಾಟು, ಗಿಡ್ಡ ಸಿಲಿಂಡರ್, ಸಹಾಯಕಿಯ ಸ್ಟೂಲ್, ನರದ ಪರೀಕ್ಷೆ. ಲೂಪ್ಸ್ ಮುಂದಿನ ವರ್ಷ. ಸ್ಯಾಡಲ್ ಸ್ಟೂಲ್ ಬೇಕೋ ಬೇಡವೋ ಅಂತ ಆಗ ನೋಡೋಣ. ಸಹಾಯಕಿ ಕೈಗೆ ಫೋನ್ ಕೊಟ್ಟು, ರೋಗಿಯ ಮುಖ ಬರದ ಹಾಗೆ, ನೀವು ಮೇಲಿನ ದವಡೆ ಹಲ್ಲು ಮಾಡುವಾಗ ಪಕ್ಕದಿಂದ ಮತ್ತು ಹಿಂದಿನಿಂದ ಐದು ನಿಮಿಷ ವಿಡಿಯೊ ತೆಗೆಸಿಟ್ಟುಕೊಳ್ಳಿ. ಒಂದು ತಿಂಗಳು ಬಿಟ್ಟು ಮತ್ತೊಮ್ಮೆ ತೆಗೆಸಿ, ಎರಡನ್ನೂ ಹತ್ತಿರದ ಫಿಸಿಯೊಗೆ ತೋರಿಸಿ.

ಆದರೆ ಈ ತಿಂಗಳು ಕಾಯಬಾರದ ಕೆಲವು ಲಕ್ಷಣ ಇವೆ. ಕೈಯಿಂದ ಸಾಮಾನು ಜಾರಿ ಬೀಳುವುದು, ಗುಂಡಿ ಹಾಕಲು ಕಷ್ಟವಾಗುವುದು, ಹೆಬ್ಬೆರಳ ಬುಡದ ಮಾಂಸ ಇಳಿದ ಹಾಗೆ ಕಾಣುವುದು, ನಡೆಯುವಾಗ ತಟ್ಟಾಡುವುದು, ಮೂತ್ರ-ಮಲದ ಹಿಡಿತ ತಪ್ಪುವುದು, ಜ್ವರ ಅಥವಾ ತೂಕ ಇಳಿಯುವುದರ ಜೊತೆ ನೋವು, ಮಲಗಿದರೂ ಬಿಡದ ನೋವು. ಇವುಗಳಲ್ಲಿ ಯಾವುದೊಂದು ಕಂಡರೂ ಸ್ಟೂಲ್, ಲೈಟ್ ಎಲ್ಲ ಪಕ್ಕಕ್ಕಿಟ್ಟು ತಕ್ಷಣ ನ್ಯೂರೊ ಡಾಕ್ಟರನ್ನೋ ಬೆನ್ನುಮೂಳೆ ತಜ್ಞರನ್ನೋ ನೋಡಿ.